ಮೂರು ಸಲ ಬಣ್ಣ ಬಳಿಸಿದ ಗೋಡೆ

ನಮ್ಮ ಮಲಗುವ ಕೋಣೆಯ ಒಂದು ಗೋಡೆಗೆ ನಾಲ್ಕು ವರ್ಷದಲ್ಲಿ ಮೂರು ಸಲ ಬಣ್ಣ ಬಳಿಸಿದ್ದೇವೆ. ಪೂರ್ತಿ ಗೋಡೆಗಲ್ಲ, ನೆಲದಿಂದ ಮೊಣಕಾಲೆತ್ತರದವರೆಗಿನ ಒಂದು ಪಟ್ಟಿಗೆ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಆಮೇಲೆ ಪುಟ್ಟಿ ಸಿಪ್ಪೆ ಸಿಪ್ಪೆಯಾಗಿ ಬಿಟ್ಟುಕೊಳ್ಳುತ್ತಿತ್ತು. ಕೊನೆಗೆ ಬೆರಳಲ್ಲಿ ಮುಟ್ಟಿದರೆ ಸಾಕು, ಬಿಳಿ ಪುಡಿ ಉದುರುತ್ತಿತ್ತು. ಪ್ರತಿ ಸಲವೂ ಪೇಂಟರ್ ಬಂದರು, ಕೆರೆದರು, ಪುಟ್ಟಿ ಹಾಕಿದರು, ಹಿಂದಿನ ಸಲಕ್ಕಿಂತ ಗಟ್ಟಿಯಾದ ವಾಟರ್‌ಪ್ರೂಫ್ ಬಣ್ಣ ಬಳಿದು ಹೋದರು. ಏಳೆಂಟು ತಿಂಗಳು ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಗುಳ್ಳೆ.

ಮೂರನೇ ಸಲವೂ ಹಾಗೇ ಆದಾಗ ನಾನು ಪೇಂಟರ್‌ಗೆ ಫೋನ್ ಮಾಡಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಆ ಗೋಡೆಯ ಮುಂದೆ ಕೂತೆ. ಒದ್ದೆ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ, ಪಕ್ಕದಲ್ಲಿ ತಾರೀಕು ಬರೆದೆ. ಅವತ್ತು ಶುರುವಾದ ಆ ನೋಟ್‌ಬುಕ್ ಈಗ ಮುಕ್ಕಾಲು ತುಂಬಿದೆ, ಮನೆ ರಿಪೇರಿ ಬಗ್ಗೆ ನಾನು ಕಲಿತದ್ದೆಲ್ಲ ಅದರಲ್ಲೇ ಇದೆ. ಮನೆ ಸರಿ ಮಾಡಿಸಬೇಕು ಅಂತ ಹೊರಟಿರುವ ಯಾರಿಗಾದರೂ ಉಪಯೋಗ ಆಗಲಿ ಅಂತ ಅದರಿಂದ ಒಂದಿಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಗೋಡೆಯದ್ದೇ ಮುಗಿಸುತ್ತೇನೆ.

ಗೋಡೆ ಒದ್ದೆಯಾಗಿದೆ ಅಂದರೆ ನೀರು ಎಲ್ಲಿಂದಲೋ ಬರುತ್ತಿದೆ. ಎಲ್ಲಿಂದ ಅನ್ನುವುದು ಗೊತ್ತಾಗದೆ ಏನು ಬಳಿದರೂ ಸುಮ್ನೆ ದಂಡ. ಹಾಗಾಗಿ ಮೊದಲ ಪರೀಕ್ಷೆ ತುಂಬ ಸರಳ. ಅಂಗೈಗಿಂತ ದೊಡ್ಡದಾದ ಒಂದು ಚೌಕ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಒರೆಸಿ ಒಣಗಿಸಿದ ಗೋಡೆಗೆ ಇಟ್ಟು, ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದ ಹಾಗೆ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಳೆಯ ಹೊರಗಡೆ, ಅಂದರೆ ಕೋಣೆಯ ಕಡೆಯ ಮುಖ ಒಣಗಿತ್ತು. ಬಿಡಿಸಿ ನೋಡಿದಾಗ ಗೋಡೆಯ ಕಡೆಯ ಮುಖದಲ್ಲಿ ಹನಿ ಕಟ್ಟಿತ್ತು. ಹೊರಗಡೆ ಹನಿ ಕಟ್ಟಿದ್ದರೆ ಕೋಣೆಯ ಗಾಳಿಯಲ್ಲಿರುವ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ ಎಂದರ್ಥ. ಒಳಗಡೆ ಕಟ್ಟಿದ್ದರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ. ನಮ್ಮದು ಎರಡನೆಯದು.

ಆ ಗೋಡೆಯ ಆಚೆ ಬಚ್ಚಲು ಮನೆ ಇದೆ. ಅಲ್ಲೇ ಎಲ್ಲೋ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಆದರೆ ಬಚ್ಚಲಲ್ಲಿ ನೀರು ಸೋರುವುದಕ್ಕೆ ಮೂರು ದಾರಿ. ಗೋಡೆಯೊಳಗಿನ ನೀರಿನ ಪೈಪು, ಕೊಳೆ ನೀರು ಹೋಗುವ ಪೈಪು, ಇಲ್ಲಾ ನೆಲ. ಮೂರಕ್ಕೂ ರಿಪೇರಿ ಬೇರೆ ಬೇರೆ. ಸುಮ್ಮನೆ ಊಹೆ ಮಾಡಿ ಗೋಡೆ ಒಡೆಸಲು ನನಗೆ ಮನಸ್ಸಿರಲಿಲ್ಲ, ಆದ್ದರಿಂದ ಒಂದೊಂದನ್ನೇ ಪಟ್ಟಿಯಿಂದ ತೆಗೆಯುತ್ತಾ ಹೋದೆ. ರಾತ್ರಿ ಮಲಗುವ ಮುಂಚೆ ಎಲ್ಲಾ ನಲ್ಲಿ ಮುಚ್ಚಿ ನೀರಿನ ಮೀಟರ್ ಓದಿಕೊಂಡೆ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿದೆ. ಮುಳ್ಳು ಅಲ್ಲಾಡಿರಲಿಲ್ಲ. ನೀರು ತುಂಬಿಕೊಂಡೇ ಇರುವ ಪೈಪು ಸೋರುತ್ತಿದ್ದರೆ ರಾತ್ರಿಯಿಡೀ ಸೋರುತ್ತದೆ, ಮೀಟರ್ ಓಡಿರುತ್ತದೆ. ಅಲ್ಲಿಗೆ ಮೊದಲ ದಾರಿ ಮುಗಿಯಿತು. ಆಮೇಲೆ ನಾಲ್ಕು ದಿನ ಆ ಬಚ್ಚಲಲ್ಲಿ ಯಾರೂ ಸ್ನಾನ ಮಾಡಬಾರದು ಅಂತ ಮನೆಯವರಿಗೆಲ್ಲ ಹೇಳಿ, ನೆಲಕ್ಕೆ ಒಂದು ಹನಿಯೂ ಬೀಳದ ಹಾಗೆ ಒಂದು ಕೊಳವೆಯಿಂದ ನೇರವಾಗಿ ನೀರು ಹೋಗುವ ತೂತಿಗೇ ಬಕೆಟ್‌ಗಟ್ಟಲೆ ನೀರು ಬಿಟ್ಟೆ. ಪೆನ್ಸಿಲ್ ಗೆರೆ ದಾಟಿ ಕಲೆ ಬೆಳೆಯಲಿಲ್ಲ, ಬದಲಿಗೆ ಸ್ವಲ್ಪ ತಿಳಿಯಾಯಿತು. ಕೊನೆಗೆ ಆ ತೂತಿಗೆ ಬಟ್ಟೆ ಬಿಗಿಯಾಗಿ ತುರುಕಿ, ನೆಲದ ಮೇಲೆ ಎರಡು ಬೆರಳು ನೀರು ನಿಲ್ಲಿಸಿದೆ. ಮೂರನೇ ದಿನ ಬೆಳಿಗ್ಗೆ ಕಲೆ ಕಡು ಬಣ್ಣಕ್ಕೆ ತಿರುಗಿ ಗೆರೆಯಿಂದ ಆಚೆ ಬಂದಿತ್ತು.

ನೆಲವೇ ಸೋರುತ್ತಿತ್ತು. ನೋಡಲು ಮಾತ್ರ ಆ ನೆಲ ಚೆನ್ನಾಗಿಯೇ ಇತ್ತು. ಟೈಲ್ಸ್ ಒಡೆದಿರಲಿಲ್ಲ, ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟ್ ಕೂಡ ಬಿಟ್ಟಿರಲಿಲ್ಲ. ಇಲ್ಲಿ ಬಹಳ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಟೈಲ್ಸ್ ಹಾಕಿದರೆ ನೀರು ಕೆಳಗೆ ಇಳಿಯುವುದಿಲ್ಲ ಅಂದುಕೊಳ್ಳುತ್ತೇವೆ. ಟೈಲ್ ನೀರು ಕುಡಿಯದೆ ಇರಬಹುದು, ಆದರೆ ಸಿಮೆಂಟ್ ಗ್ರೌಟ್ ಕುಡಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಸಂದಿಯಿಂದ ಕೆಳಗೆ ಇಳಿದೇ ಇಳಿಯುತ್ತದೆ. ಅದನ್ನು ತಡೆಯಬೇಕಾದದ್ದು ಟೈಲ್ಸ್ ಕೆಳಗೆ ಬಳಿಯುವ ವಾಟರ್‌ಪ್ರೂಫಿಂಗ್ ಪದರ. ನಮ್ಮ ನೆಲ ಒಡೆಸಿ ನೋಡಿದಾಗ ಆ ಪದರ ಇತ್ತು, ಆದರೆ ನೆಲ ಗೋಡೆಗೆ ಸೇರುವ ಮೂಲೆಯಲ್ಲಿ ನಿಂತುಬಿಟ್ಟಿತ್ತು. ನೆಲ ಒಂದು ರೀತಿ ಹಿಗ್ಗಿ ಕುಗ್ಗುತ್ತದೆ, ಗೋಡೆ ಇನ್ನೊಂದು ರೀತಿ. ಬಿರುಕು ಮೊದಲು ಬಿಡುವ ಜಾಗವೇ ಆ ಮೂಲೆ. ಅಲ್ಲೇ ಏನೂ ಇರಲಿಲ್ಲ.

ಈ ಸಲ ಮಾಡಿಸಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ ವಿಷಯಗಳು ಇವೇ. ಪದರವನ್ನು ಗೋಡೆಯ ಮೇಲೆ ಕಡಿಮೆ ಅಂದರೂ 30 ಸೆಂಟಿಮೀಟರ್ ಹತ್ತಿಸಬೇಕು. ಶವರ್ ನೀರು ಬೀಳುವ ಕಡೆ ಆಳೆತ್ತರ, 180 ಸೆಂಟಿಮೀಟರ್ ತನಕ. ಮೂಲೆಗಳಿಗೂ ಪೈಪು ನೆಲಕ್ಕೆ ಇಳಿಯುವ ಜಾಗಕ್ಕೂ ಬಟ್ಟೆಯಂಥ ಪಟ್ಟಿ ಕೂರಿಸಿ ಅದರ ಮೇಲೆ ಬಳಿಯಬೇಕು. ಎರಡು ಕೋಟ್, ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ. ಆಮೇಲೆ ಟೈಲ್ಸ್ ಹಾಕುವ ಮುಂಚೆಯೇ ನೀರು ನಿಲ್ಲಿಸಿ ನೋಡಬೇಕು. ಒಂದು ದಿನ ಸಾಕು ಅಂತ ಮೇಸ್ತ್ರಿ ಹೇಳಿದರು, ನಾನು ಎರಡು ದಿನ ನಿಲ್ಲಿಸಿದೆ. ಟೈಲ್ಸ್ ಹಾಕಿದ ಮೇಲೆ ಪರೀಕ್ಷೆ ಮಾಡಿ ಏನು ಪ್ರಯೋಜನ, ಅಲ್ವಾ? ನೆಲದ ವಾಟ, ಅಂದರೆ ನೀರು ಹರಿದು ಹೋಗುವ ಇಳಿಜಾರು, ಮೀಟರಿಗೆ 10ರಿಂದ 12 ಮಿಲಿಮೀಟರ್ ಇರುವ ಹಾಗೆ ನೋಡಿಕೊಂಡೆವು. ಟೈಲ್ಸ್ ಹಸಿಯಾಗಿ ಕೂರಿಸುವಾಗಲೇ ಒಂದು ಗೋಲಿ ಬಿಟ್ಟರೆ ವಾಟ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೊನೆಯದಾಗಿ, ನೆಲ ಗೋಡೆ ಸೇರುವ ಸಂದಿಗೆ ಗ್ರೌಟ್ ಬೇಡ, ಸಿಲಿಕೋನ್ ಹಾಕಿಸಿ. ಗ್ರೌಟ್ ಗಡುಸು, ಮೂಲೆ ಸ್ವಲ್ಪ ಅಲ್ಲಾಡಿದರೂ ಬಿರುಕು ಬಿಡುತ್ತದೆ. ಸಿಲಿಕೋನ್ ಎಳೆದರೆ ಹಿಗ್ಗುತ್ತದೆ.

ಇನ್ನು ಕೋಣೆಯ ಕಡೆಯ ಗೋಡೆ. ಬಿಳಿ ಪುಡಿ ಅಂದೆನಲ್ಲ, ಅದು ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣ. ನೀರಲ್ಲಿ ಕರಗಿ ಹೊರಗೆ ಬಂದು, ನೀರು ಆರಿದ ಮೇಲೆ ಹರಳಾಗಿ ಕೂರುತ್ತದೆ. ಆ ಹರಳು ಬೆಳೆಯುವಾಗಲೇ ಬಣ್ಣವನ್ನು ಒಳಗಿನಿಂದ ತಳ್ಳುವುದು. ವಾಟರ್‌ಪ್ರೂಫ್ ಬಣ್ಣ ಬಳಿದಾಗ ನೀರಿಗೆ ಆರಿ ಹೋಗಲು ದಾರಿಯೇ ಇರಲಿಲ್ಲ, ಅದಕ್ಕೇ ಪ್ರತಿ ಸಲವೂ ಕಲೆ ಹಿಂದಿನದ್ದಕ್ಕಿಂತ ಒಂದು ಗೇಣು ಮೇಲೆ ಬರುತ್ತಿತ್ತು. ಹಣ ಕೊಟ್ಟು ನಾವೇ ನೀರನ್ನು ಮೇಲೆ ಹತ್ತಿಸಿದ್ದೆವು ಅಂತ ಗೊತ್ತಾದಾಗ ನನಗೆ ನಿಜಕ್ಕೂ ಬೇಜಾರಾಯಿತು. ಈ ಸಲ ಹಳೇ ಪುಟ್ಟಿಯನ್ನೆಲ್ಲ ಕೆರೆದು ತೆಗೆಸಿ, ಒಣ ಬ್ರಷ್‌ನಿಂದ ಪುಡಿಯನ್ನು ಗುಡಿಸಿದೆ. ನೀರು ಹಾಕಿ ತೊಳೆಯಬಾರದು, ತೊಳೆದರೆ ಲವಣ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಆಮೇಲೆ ಕಾದೆವು. ಎರಡು ವಾರಕ್ಕೊಮ್ಮೆ ಅದೇ ಅಲ್ಯೂಮಿನಿಯಂ ಹಾಳೆ ಅಂಟಿಸಿ ನೋಡುತ್ತಾ ನಾಲ್ಕು ತಿಂಗಳು ಕಾದೆವು. ಅಷ್ಟು ದಿನ ಬೋಳು ಗೋಡೆ ನೋಡಿಕೊಂಡು ಮಲಗುವುದು ಕಷ್ಟ, ಆದರೆ ಬೇರೆ ದಾರಿ ಇಲ್ಲ. ಹಾಳೆಯ ಹಿಂದೆ ಒಂದು ಹನಿಯೂ ಕಾಣದ ಮೇಲೆ ಪ್ಲಾಸ್ಟರ್, ಅದೂ ಒಣಗಿದ ಮೇಲೆ ಬಣ್ಣ. ಹೊಸ ಪ್ಲಾಸ್ಟರ್‌ಗೆ ಬಣ್ಣ ಬಳಿಯುವ ಮುಂಚೆ ಸುಮಾರು 4 ವಾರ ಬಿಡಿ, ಅವಸರ ಬೇಡ.

ಒಂದು ವೇಳೆ ಹಾಳೆಯ ಹೊರಗಡೆ ಹನಿ ಕಟ್ಟಿದ್ದರೆ ಏನೂ ಒಡೆಯಬೇಕಿಲ್ಲ. ನಮ್ಮ ಇನ್ನೊಂದು ಕೋಣೆಯಲ್ಲಿ ಹೊರಗೋಡೆಗೆ ಅಂಟಿಸಿಟ್ಟಿದ್ದ ಬಟ್ಟೆ ಬೀರುವಿನ ಹಿಂದೆ ಕಪ್ಪಗೆ ಬೂಷ್ಟು ಹಿಡಿದಿತ್ತು, ಒಳಗಿಟ್ಟ ಬಟ್ಟೆಗೂ ಮುಗ್ಗಲು ವಾಸನೆ. ಅದಕ್ಕೆ ಕಾರಣ ಗಾಳಿ ಆಡದಿರುವುದು, ಅಷ್ಟೇ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು. ಸ್ನಾನ ಆದ ಮೇಲೆ ಎಗ್ಸಾಸ್ಟ್ ಫ್ಯಾನ್ ಇನ್ನೂ 20 ನಿಮಿಷ ಓಡಲಿ ಅಂತ ಬಿಟ್ಟೆವು. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಹರವುವುದನ್ನು ನಿಲ್ಲಿಸಿದೆವು. ಗಾಳಿಯ ತೇವ ಅಳೆಯುವ ಒಂದು ಸಣ್ಣ ಮೀಟರ್ ಸಿಗುತ್ತದೆ, ಅದು 60 ಪರ್ಸೆಂಟ್ ಒಳಗಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಬೂಷ್ಟನ್ನು ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ ಒರೆಸಿ ಒಣಗಿಸಿ. ಅದರ ಮೇಲೇ ಬಣ್ಣ ಬಳಿದರೆ ಅದು ಮತ್ತೆ ಹೊರಗೆ ಬರುತ್ತದೆ.

ಬಿರುಕಿಗೂ ಪೆನ್ಸಿಲ್ಲೇ ಮದ್ದು. ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಹಾಕಿ ತಾರೀಕು ಬರೆಯಿರಿ. ಆರು ತಿಂಗಳಾದರೂ ಅಲ್ಲೇ ಇದ್ದರೆ, ಕೂದಲೆಳೆಯಷ್ಟೇ ಇದ್ದರೆ, ಅದು ಪ್ಲಾಸ್ಟರ್ ಒಣಗುವಾಗ ಬಿಟ್ಟದ್ದು. ಕಾಂಕ್ರೀಟ್ ಕಂಬಕ್ಕೆ ಇಟ್ಟಿಗೆ ಗೋಡೆ ಸೇರುವ ಕಡೆ ನೇರಕ್ಕೆ ಬಿಡುವ ಬಿರುಕು ತುಂಬ ಮನೆಗಳಲ್ಲಿ ಕಾಣುತ್ತದೆ. ಎರಡೂ ಬೇರೆ ಬೇರೆ ಸಾಮಾನು, ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಬರೀ ಪುಟ್ಟಿ ತುಂಬಿದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಪ್ಲಾಸ್ಟರ್ ಕೆತ್ತಿ, ಎರಡೂ ಕಡೆಗೆ ಬರುವ ಹಾಗೆ ಜಾಲರಿ ಕೂರಿಸಿ ಮತ್ತೆ ಗಾರೆ ಮಾಡಿಸಬೇಕು. ಆದರೆ ಬಿರುಕು ಗೆರೆ ದಾಟಿ ಬೆಳೆಯುತ್ತಿದ್ದರೆ, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಿದ್ದರೆ, 5 ಮಿಲಿಮೀಟರ್‌ಗಿಂತ ಅಗಲ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಲೇಬೇಕು. ಹಾಲ್ ದೊಡ್ಡದು ಮಾಡಲು ಗೋಡೆ ತೆಗೆಸುವ ಆಸೆ ಇರುವವರಿಗೂ ಇದೇ ಮಾತು. ಆ ಗೋಡೆ ಮೇಲಿನ ಭಾರ ಹೊತ್ತಿದೆಯೋ ಇಲ್ಲವೋ ಅನ್ನುವುದನ್ನು ತಟ್ಟಿ ನೋಡಿ ಹೇಳಲು ಆಗುವುದಿಲ್ಲ, ಯಾರು ಹೇಳಿದರೂ ನಂಬಬೇಡಿ.

ಈಗ ಅಡುಗೆ ಮನೆ. ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿರವಾದ ಭಾಗ ಇದು.

ಅಮ್ಮನಿಗೆ ಬೆನ್ನು ನೋವು. ವಯಸ್ಸಿನದ್ದು ಅಂತ ಅವಳೂ ಅಂದುಕೊಂಡಿದ್ದಳು, ನಾವೂ ಅಂದುಕೊಂಡಿದ್ದೆವು. ಒಂದು ದಿನ ಅವಳು ಪಾತ್ರೆ ತೊಳೆಯುವುದನ್ನು ಪಕ್ಕದಿಂದ ನೋಡುತ್ತಾ ನಿಂತಿದ್ದೆ. ಸಿಂಕಿನ ತಳಕ್ಕೆ ಕೈ ಎಟುಕಲು ಅವಳು ಸೊಂಟದಿಂದಲೇ ಬಗ್ಗುತ್ತಿದ್ದಳು, ಬಗ್ಗಿಕೊಂಡೇ ಅರ್ಧ ಗಂಟೆ. ಟೇಪ್ ತಂದು ಅಳೆದೆ. ಕಟ್ಟೆಯ ಎತ್ತರ 80 ಸೆಂಟಿಮೀಟರ್. ಸಿಂಕಿನ ತಳ ಅದಕ್ಕಿಂತ 20 ಸೆಂಟಿಮೀಟರ್ ಕೆಳಗೆ. ಅಮ್ಮ ನನ್ನಷ್ಟೇ ಎತ್ತರ, 168 ಸೆಂಟಿಮೀಟರ್. ಇಷ್ಟು ವರ್ಷ ಅವಳು ತನಗಿಂತ ತುಂಬ ಗಿಡ್ಡಗಿರುವ ಯಾರದ್ದೋ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದಳು.

ಸಾಮಾನ್ಯವಾಗಿ ಕಟ್ಟೆಯನ್ನು 85ರಿಂದ 90 ಸೆಂಟಿಮೀಟರ್ ಎತ್ತರಕ್ಕೆ ಮಾಡುತ್ತಾರೆ. ಆ ಅಳತೆಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಕೆಲಸ ಮಾಡುವವರು ನೇರವಾಗಿ ನಿಂತು, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 10ರಿಂದ 15 ಸೆಂಟಿಮೀಟರ್ ಕಳೆದರೆ ಹೆಚ್ಚುವ ಕಟ್ಟೆಯ ಎತ್ತರ ಸಿಗುತ್ತದೆ. ಒಲೆಯ ಮೇಲೆ ಪಾತ್ರೆ ಕೂರುವುದರಿಂದ ಅಲ್ಲಿ ಇನ್ನೂ ಸ್ವಲ್ಪ ತಗ್ಗಿದ್ದರೂ ನಡೆಯುತ್ತದೆ, ಸಿಂಕ್ ಮಾತ್ರ ಎತ್ತರ ಇರಬೇಕು, ಯಾಕೆಂದರೆ ಅಲ್ಲಿ ಕೈ ಆಡುವುದು ಕಟ್ಟೆಯ ಮೇಲಲ್ಲ, ತೊಟ್ಟಿಯ ತಳದಲ್ಲಿ. ನಾವು ಕಲ್ಲು ಕೂರಿಸುವ ಮುಂಚೆ ಊಟದ ಮೇಜಿನ ಮೇಲೆ ಪುಸ್ತಕ ಪೇರಿಸಿ, ಅದರ ಮೇಲೆ ಹಲಗೆ ಇಟ್ಟು, ಅಮ್ಮನ ಕೈಯಲ್ಲಿ ಮೂರು ದಿನ ತರಕಾರಿ ಹೆಚ್ಚಿಸಿದೆವು. ದಿನಕ್ಕೊಂದು ಎತ್ತರ. ಮೂರನೇ ದಿನ ಅವಳೇ ಇದು ಸರಿ ಅಂದಳು, ಅಳೆದರೆ 92. ಸಿಂಕ್ ಇರುವ ಕಡೆ ಇನ್ನೂ ಐದು ಸೆಂಟಿಮೀಟರ್ ಏರಿಸಿ, ತೊಟ್ಟಿಯನ್ನೂ ಆಳ ಕಡಿಮೆ ಇರುವುದನ್ನೇ ತಂದೆವು. ಕಟ್ಟೆ ಎರಡು ಮಟ್ಟ ಆದರೆ ನೋಡಲು ಚೆನ್ನಾಗಿರುವುದಿಲ್ಲ ಅಂತ ಡಿಸೈನ್ ಮಾಡಿದವರು ಹೇಳಿದರು. ನೋಡುವವರು ಬಂದು ಹೋಗುತ್ತಾರೆ, ದಿನಾ ನಿಲ್ಲುವವಳು ಅಮ್ಮ.

ಅಡುಗೆ ಮನೆಯನ್ನು ಹೀಗೆ ಅಳೆದು ನೋಡುವ ಯೋಚನೆ ಹೊಸದೇನಲ್ಲ. 1926ರಲ್ಲಿ ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆ ಒಂದು ಅಡುಗೆ ಮನೆ ರೂಪಿಸಿದರು. ಬರೀ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ನಡೆಯುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವ ಲೆಕ್ಕದ ಮೇಲೆ ಅದು ನಿಂತಿತ್ತು. ಕಿಟಕಿಯ ಪಕ್ಕ ಕೂತು ಕೆಲಸ ಮಾಡಲು ಒಂದು ಸ್ಟೂಲ್ ಕೂಡ ಅದರಲ್ಲಿತ್ತು. ಅದಾಗಿ ಸುಮಾರು ನೂರು ವರ್ಷವಾದರೂ ನಮ್ಮ ಅಡುಗೆ ಮನೆಗಳಲ್ಲಿ ಕೂರಲು ಜಾಗ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನಾವು ಕಿಟಕಿಯ ಹತ್ತಿರ ಕಟ್ಟೆಯ ಕೆಳಗೆ ಒಂದು ಕಡೆ ಬೀರು ಮಾಡಿಸದೆ ಖಾಲಿ ಬಿಟ್ಟೆವು. ಅಮ್ಮ ಅಲ್ಲಿ ಕಾಲು ಚಾಚಿ ಕೂರುತ್ತಾಳೆ.

ಅಡುಗೆ ಮನೆಯ ಇನ್ನೊಂದು ದೊಡ್ಡ ತೊಂದರೆ ಬೆಳಕು. ಚಾವಣಿಯ ನಡುವೆ ಒಂದೇ ದೀಪ ಇದ್ದರೆ, ನಾವು ಕಟ್ಟೆಯ ಕಡೆ ತಿರುಗಿ ನಿಂತಾಗ ದೀಪ ಬೆನ್ನ ಹಿಂದೆ. ನಮ್ಮ ನೆರಳು ಸರಿಯಾಗಿ ಚಾಕುವಿನ ಮೇಲೇ ಬೀಳುತ್ತದೆ. ಜಾಸ್ತಿ ವ್ಯಾಟಿನ ದೀಪ ಹಾಕಿದರೆ ನೆರಳು ಇನ್ನೂ ಎದ್ದು ಕಾಣುತ್ತದೆ, ಹೋಗುವುದಿಲ್ಲ. ಮೇಲಿನ ಬೀರುವಿನ ಅಡಿಗೆ, ಮುಂದಿನ ಅಂಚಿಗೆ ಹತ್ತಿರವಾಗಿ, ಒಂದು ಎಲ್‌ಇಡಿ ಪಟ್ಟಿ ಹಾಕಿದರೆ ಸಮಸ್ಯೆ ಮುಗಿಯಿತು. ಬಚ್ಚಲ ಕನ್ನಡಿಗೂ ಹಾಗೇ. ನೆತ್ತಿಯ ಮೇಲಿನ ದೀಪ ಕಣ್ಣಿನ ಕೆಳಗೆ ನೆರಳು ಮಾಡುತ್ತದೆ, ಕನ್ನಡಿಯ ಎರಡೂ ಪಕ್ಕ ಮುಖದ ಎತ್ತರಕ್ಕೆ ದೀಪ ಇದ್ದರೆ ಮುಖ ಸರಿಯಾಗಿ ಕಾಣುತ್ತದೆ.

ಸಿಂಕಿನ ಕೆಳಗಿನ ಬೀರುವಿನ ಬಗ್ಗೆ ಒಂದೇ ಮಾತು. ಮರದ ಚೂರು, ನಾರು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಮತ್ತು ಮಾಮೂಲಿ ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಅಲ್ಲಿಗೆ ನೀರು ತಡೆಯುವ ಪ್ಲೈವುಡ್ಡೇ ಬೇಕು. ಅದರಲ್ಲೂ ಕಣ್ಣಿಗೆ ಕಾಣದ ಹಿಂದಿನ ಅಂಚು, ಪೈಪಿಗೆ ಕೊರೆದ ತೂತಿನ ಅಂಚು, ಇವಕ್ಕೂ ಸೀಲ್ ಮಾಡಿಸಿ. ನೀರು ಒಳಗೆ ಹೋಗುವುದು ಅಂಚಿನಿಂದಲೇ.

ಬಣ್ಣದ ವಿಷಯಕ್ಕೆ ಬರೋಣ. ಅಂಗಡಿಯ ಕಾರ್ಡಿನಲ್ಲಿ ಬೆರಳಗಲದ ಚೌಕದಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಬೇರೆಯೇ ಕಾಣುತ್ತದೆ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಗೆ ಹೊಡೆದು ಹಿಂತಿರುಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಕಾರ್ಡಿಗಿಂತ ಗಾಢ ಅನ್ನಿಸುತ್ತದೆ. ಗೋಡೆಯ ಮೇಲೇ ಚೂರು ಬಳಿದು ನೋಡುವುದೂ ಅಷ್ಟು ಒಳ್ಳೆಯದಲ್ಲ, ಸುತ್ತಲಿನ ಹಳೇ ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಎರಡು ಅಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟು, ಆ ರಟ್ಟನ್ನು ಒಂದು ವಾರ ಕೋಣೆಯಲ್ಲಿ ಓಡಾಡಿಸಿ. ಕಿಟಕಿಯ ಎದುರಿನ ಗೋಡೆಗೆ, ಕಿಟಕಿಯ ಪಕ್ಕದ ಕತ್ತಲೆ ಮೂಲೆಗೆ, ಬೆಳಿಗ್ಗೆ, ಸಂಜೆ, ದೀಪ ಹಾಕಿದ ಮೇಲೆ. ದೀಪದ ಮಾತು ಮರೆಯಬೇಡಿ. 2700ರಿಂದ 3000 ಕೆಲ್ವಿನ್ ಅಂತ ಬರೆದಿರುವ ದೀಪ ಹಳದಿ ಕಡೆಗೆ ವಾಲುತ್ತದೆ, 6500 ಅಂದರೆ ನೀಲಿ ಕಡೆಗೆ. ನಾವು ಆರಿಸಿದ್ದ ತಿಳಿ ಬೂದು ಬಣ್ಣ ಹಗಲು ಬಲು ಚೆಂದ ಇತ್ತು, 6500ರ ದೀಪದಲ್ಲಿ ರಾತ್ರಿ ಅದೇ ಗೋಡೆ ಆಸ್ಪತ್ರೆಯ ವಾರ್ಡಿನ ಹಾಗೆ ಕಂಡಿತು. ಗೋಡೆ ಹಾಗೇ ಬಿಟ್ಟು ದೀಪ ಬದಲಿಸಿದೆವು, ಸರಿಹೋಯಿತು. ದೀಪ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ ಅನ್ನುವ ಅಂಕಿ ಇದೆಯಾ ನೋಡಿ. 90ರ ಮೇಲಿದ್ದರೆ ಬಟ್ಟೆ, ಮುಖ, ಗೋಡೆ ಎಲ್ಲವೂ ತಮ್ಮ ನಿಜ ಬಣ್ಣಕ್ಕೆ ಹತ್ತಿರವಾಗಿ ಕಾಣುತ್ತವೆ.

ಹಳೇ ಮನೆಯ ಬಣ್ಣ ಕೆರೆಸುವವರು ಒಂದು ಎಚ್ಚರ ವಹಿಸಿ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದನ್ನು ಒಣಗಿದ್ದಾಗಲೇ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ, ಚಿಕ್ಕ ಮಕ್ಕಳಿಗೆ ಅದು ತುಂಬ ಅಪಾಯ. ಮೊದಲು ಪರೀಕ್ಷೆ ಮಾಡಿಸಿ, ಒದ್ದೆ ಮಾಡಿಯೇ ಕೆರೆಸಿ, ಕೆಲಸ ಮುಗಿಯುವವರೆಗೆ ಮಕ್ಕಳನ್ನು ಮತ್ತು ಗರ್ಭಿಣಿಯರನ್ನು ಆ ಕಡೆ ಬಿಡಬೇಡಿ.

ಕೋಣೆ ಚಿಕ್ಕದು ಅನ್ನುವ ದೂರು ನನಗೆ ಆಗಾಗ ಕೇಳಿಬರುತ್ತದೆ. ಎಷ್ಟೋ ಸಲ ಕೋಣೆ ಚಿಕ್ಕದಾಗಿರುವುದಿಲ್ಲ, ಓಡಾಡುವ ದಾರಿಗೆ ಅಡ್ಡ ಏನೋ ಇರುತ್ತದೆ. ಮಂಚ, ಸೋಫಾ ಯಾವುದನ್ನೇ ಕೊಳ್ಳುವ ಮುಂಚೆ ಅದರ ಅಳತೆಗೆ ನೆಲದ ಮೇಲೆ ಟೇಪ್ ಅಂಟಿಸಿ, ಇಲ್ಲಾ ಹಳೇ ಪೇಪರ್ ಹಾಸಿ, ನಾಲ್ಕು ದಿನ ಅದರ ಸುತ್ತಲೇ ಓಡಾಡಿ. ಬಾಗಿಲು ತೆಗೆದಾಗ ಎಲ್ಲಿಯವರೆಗೆ ಬರುತ್ತದೆ, ಬೀರುವಿನ ಬಾಗಿಲು ಮಂಚಕ್ಕೆ ತಾಗುತ್ತದೆಯಾ, ಕುರ್ಚಿ ಹಿಂದೆ ಎಳೆದು ಏಳಲು ಜಾಗ ಇದೆಯಾ, ಎಲ್ಲ ಅಲ್ಲೇ ತಿಳಿಯುತ್ತದೆ. ಮುಖ್ಯವಾಗಿ ಓಡಾಡುವ ದಾರಿಗೆ 90 ಸೆಂಟಿಮೀಟರ್ ಬೇಕು. ಸೋಫಾಕ್ಕೂ ಮುಂದಿನ ಟೀಪಾಯಿಗೂ ನಡುವೆ 40ರಿಂದ 45 ಸಾಕು. ನಾವು ಹೀಗೆ ಪೇಪರ್ ಹಾಸಿ ನೋಡಿದ ಮೇಲೆ ಮೂರು ಸೀಟಿನ ಸೋಫಾ ಬಿಟ್ಟು ಎರಡು ಸೀಟಿನದ್ದು ತಂದೆವು, ಬಾಗಿಲಿನಿಂದ ಕಿಟಕಿಯವರೆಗೆ ದಾರಿ ತೆರೆದುಕೊಂಡಿತು. ಪರದೆಯ ಕೋಲನ್ನು ಕಿಟಕಿಯ ಚೌಕಟ್ಟಿಗಿಂತ ಒಂದು ಗೇಣು ಮೇಲೆ, ಎರಡೂ ಪಕ್ಕಕ್ಕೆ ಒಂದೊಂದು ಗೇಣು ಆಚೆ ಹಾಕಿದರೆ, ಪರದೆ ಸರಿಸಿದಾಗ ಗಾಜು ಪೂರ್ತಿ ಬಿಡುವಾಗುತ್ತದೆ, ಬೆಳಕು ಜಾಸ್ತಿ ಬರುತ್ತದೆ.

ಬಾಗಿಲು ಉಜ್ಜುತ್ತಿದೆ ಅಂತ ಮಳೆ ದಿನಗಳಲ್ಲಿ ಅಂಚು ಕೀಸಿಸಬೇಡಿ. ಮರ ತೇವಕ್ಕೆ ಹಿಗ್ಗಿರುತ್ತದೆ, ಒಣ ದಿನಗಳಲ್ಲಿ ಕುಗ್ಗಿ ಸಂದಿ ಬಿಡುತ್ತದೆ. ಮೊದಲು ಮೇಲಿನ ಕೀಲಿನ ಸ್ಕ್ರೂ ಬಿಗಿ ಮಾಡಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಬಳಸದ ಬಚ್ಚಲಿನಿಂದ ಗಬ್ಬು ವಾಸನೆ ಬಂದರೆ, ತೂತಿನ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರು ಆರಿಹೋಗಿದೆ ಅಂತ ತಿಳಿಯಿರಿ. ಆ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು. ಒಂದು ಚೊಂಬು ನೀರು ಹಾಕಿ. ಹಾಲ್‌ನಲ್ಲಿ ಮಾತು ಪ್ರತಿಧ್ವನಿಸಿದರೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಪುಸ್ತಕ ತುಂಬಿದ ಕಪಾಟು ಕೆಲಸ ಮಾಡುತ್ತವೆ. ಆದರೆ ಪಕ್ಕದ ಮನೆಯ ಸದ್ದು ಇವುಗಳಿಂದ ನಿಲ್ಲುವುದಿಲ್ಲ, ಅದಕ್ಕೆ ಬೇಕಾದದ್ದು ಭಾರ ಇರುವ ಗೋಡೆ, ಸಂದಿಯಿಲ್ಲದ ಬಾಗಿಲು.

ಕೆಲಸ ಮಾಡಿಸುವ ಬಗ್ಗೆ ಎರಡು ಮಾತು. ಒಡೆಯುವುದು, ಪೈಪು ಮತ್ತು ವೈರಿನ ಕೆಲಸ, ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಟೈಲ್ಸ್, ಮರಗೆಲಸ, ಬಣ್ಣ, ಕೊನೆಗೆ ನಲ್ಲಿ ಮತ್ತು ದೀಪ. ಈ ಸರದಿ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಒಡೆಯಬೇಕಾಗುತ್ತದೆ. ಹಣವನ್ನು ವಾರದ ಲೆಕ್ಕದಲ್ಲಿ ಕೊಡುವ ಬದಲು ಮುಗಿದ ಕೆಲಸದ ಲೆಕ್ಕದಲ್ಲಿ ಕೊಡಿ, ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಇದು ಕೆಲಸಗಾರರಿಗೂ ಒಳ್ಳೆಯದು, ಅವರಿಗೂ ತಮ್ಮ ಹಣ ಯಾವಾಗ ಬರುತ್ತದೆ ಅಂತ ಗೊತ್ತಿರುತ್ತದೆ. ಅಂದಾಜಿನ ಮೇಲೆ 15 ಪರ್ಸೆಂಟ್ ಆದರೂ ಪಕ್ಕಕ್ಕೆ ಇಟ್ಟಿರಿ. ಗೋಡೆ ಒಡೆದ ಮೇಲೆ ಒಳಗೆ ಏನು ಸಿಗುತ್ತದೆ ಅಂತ ಯಾರಿಗೂ ಮೊದಲೇ ತಿಳಿಯುವುದಿಲ್ಲ. ವೈರಿಂಗ್ ಬದಲಿಸುವಾಗ 30 ಮಿಲಿಆಂಪಿಯರ್‌ನಷ್ಟು ಕರೆಂಟ್ ಸೋರಿದರೂ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅನ್ನುವ ಸ್ವಿಚ್ ಹಾಕಿಸುವುದನ್ನು ಮಾತ್ರ ಬಿಡಬೇಡಿ, ಶಾಕ್ ಹೊಡೆದಾಗ ಜೀವ ಉಳಿಸುವುದು ಅದು.

ಪ್ಲಾಸ್ಟರ್ ಮಾಡುವ ಹಿಂದಿನ ದಿನ ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ನಾನು ಮನೆಯ ಪ್ರತಿ ಗೋಡೆಯ ಫೋಟೋ ತೆಗೆದೆ. ಪೈಪು, ವೈರಿನ ಕೊಳವೆ ಎಲ್ಲ ಕಾಣುವ ಹಾಗೆ, ಜೊತೆಗೆ ನೆಲದಿಂದ ಒಂದು, ಮೂಲೆಯಿಂದ ಒಂದು ಅಳತೆ ಟೇಪ್ ಬಿಚ್ಚಿಟ್ಟು. ಒಟ್ಟು 64 ಫೋಟೋ ಆದವು, ಗೋಡೆಗೊಂದು ಹೆಸರು ಕೊಟ್ಟು ಎತ್ತಿಟ್ಟೆ. ಹೋದ ತಿಂಗಳು ಬಚ್ಚಲಲ್ಲಿ ಸೋಪು ಇಡಲು ಒಂದು ಸಣ್ಣ ಶೆಲ್ಫ್ ಹಾಕಬೇಕಿತ್ತು. ತೂತು ಕೊರೆಯುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಡ್ರಿಲ್ ಕೈಗೆ ತಗೊಂಡ ಮೇಲೆ ಫೋಟೋ ತೆಗೆದು ನೋಡಿದೆ. ಮೂಲೆಯಿಂದ 46 ಸೆಂಟಿಮೀಟರ್‌ನಲ್ಲಿ ಬಿಸಿನೀರಿನ ಪೈಪು. ನನ್ನ ಗುರುತು ಇದ್ದದ್ದು 45ರಲ್ಲಿ. ಶೆಲ್ಫ್ ಈಗ ಒಂದು ಗೇಣು ಬಲಕ್ಕೆ ಇದೆ.